ಕಲಬುರಗಿಯ ಬಿಸಿಲಿಗೆ ಒಗ್ಗುವ ಐದು ಪರದೇಶದ ರೊಟ್ಟಿಗಳು

ಯೀಸ್ಟ್ ಹಾಕಿ ಬ್ರೆಡ್ ಮಾಡುವ ಯಾವ ವಿಡಿಯೋ ನೋಡಿದರೂ ಒಂದು ಮಾತು ಬಂದೇ ಬರುತ್ತದೆ: "ನಾದಿದ ಹಿಟ್ಟನ್ನು ಬೆಚ್ಚಗಿನ ಜಾಗದಲ್ಲಿ ಒಂದೂವರೆ ತಾಸು ಇಡಿ." ಏಪ್ರಿಲ್ ತಿಂಗಳಲ್ಲಿ ಕಲಬುರಗಿಯಲ್ಲಿ ಕೂತು ಇದನ್ನು ಕೇಳಿದರೆ ನಗು ಬರುತ್ತದೆ. ನಮ್ಮಲ್ಲಿ ಬೆಚ್ಚಗಿಲ್ಲದ ಜಾಗ ಎಲ್ಲಿದೆ ಹೇಳಿ? ಹೊರಗೆ 42 ಡಿಗ್ರಿ, ಅಡುಗೆಮನೆಯೊಳಗೆ 36. ಅಲ್ಲಿ ಒಂದೂವರೆ ತಾಸು ಬಿಟ್ಟ ಹಿಟ್ಟು ಪಾತ್ರೆಯ ಅಂಚು ದಾಟಿ, ಹುಳಿ ವಾಸನೆ ಹೊಡೆದು, ಮತ್ತೆ ಕುಸಿದು ಕೂತಿರುತ್ತದೆ.

ಮನೆಯಲ್ಲಿ ಬ್ರೆಡ್ ಮಾಡಲು ಹೋಗಿ ಕೈಬಿಟ್ಟವರಲ್ಲಿ ಬಹಳ ಮಂದಿಗೆ ಆಗಿದ್ದು ಇಷ್ಟೇ. ಆ ಅಳತೆ ಬರೆದವರ ಅಡುಗೆಮನೆ 20–22 ಡಿಗ್ರಿ ಇತ್ತು. ನಮ್ಮದು ಹಾಗಿಲ್ಲ. ಗಡಿಯಾರ ನೋಡುವುದನ್ನು ಬಿಟ್ಟು ಹಿಟ್ಟನ್ನು ನೋಡಬೇಕು. ಹಿಟ್ಟಿಗೆ ಹಾಕುವ ನೀರು ಎಷ್ಟು ತಣ್ಣಗಿರಬೇಕು ಎಂಬುದನ್ನು ನಮ್ಮ ಹವೆಗೆ ತಕ್ಕಂತೆ ಗೊತ್ತುಮಾಡಿಕೊಳ್ಳಬೇಕು. ಈ ಎರಡು ಕೈಗೆ ಹತ್ತಿದರೆ ಉಳಿದದ್ದೆಲ್ಲ ನಿಮಗೆ ಗೊತ್ತಿರುವ ನಾದುವ ಕೆಲಸವೇ.

ಇಲ್ಲಿ ಐದು ಬಗೆ ಹೇಳುತ್ತೇನೆ. ಐರ್ಲೆಂಡಿನ ಸೋಡಾ ಬ್ರೆಡ್, ಅರಬ್ ನಾಡುಗಳ ಪೀಟಾ, ಇಟಲಿಯ ಫೊಕಾಚಾ, ಇರಾನ್ ಮೂಲದ ಶೀರ್‌ಮಾಲ್, ಸುಡಾನಿನ ಕಿಸ್ರಾ. ಸುಲಭದಿಂದ ಶುರುಮಾಡಿ ಮುಂದೆ ಹೋಗೋಣ. ಕೊನೆಯದು ಜೋಳದ್ದು, ಅದನ್ನು ಮಾತ್ರ ತಪ್ಪಿಸಬೇಡಿ.

ಮೊದಲು ನೀರಿನ ಲೆಕ್ಕ

ನಾದಿ ಮುಗಿಸಿದಾಗ ಹಿಟ್ಟು ಸುಮಾರು 26 ಡಿಗ್ರಿ ಇದ್ದರೆ ಯೀಸ್ಟ್ ಹದವಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಬಿಸಿಯಾದರೆ ಬೇಗ ಉಬ್ಬುತ್ತದೆ, ನಿಜ. ಆದರೆ ಬ್ರೆಡ್ಡಿಗೆ ರುಚಿ ಮತ್ತು ಘಮ ಬರುವುದು ನಿಧಾನವಾಗಿ ಹುದುಗಿದಾಗ. ಬೇಗ ಉಬ್ಬಿದ್ದು ನೋಡಲು ದಪ್ಪಗಿರುತ್ತದೆ, ತಿಂದರೆ ಸಪ್ಪೆ, ಜೊತೆಗೆ ಯೀಸ್ಟಿನ ವಾಸನೆ.

ಬೇಕರಿಯವರು ಬಳಸುವ ಒಂದು ಸರಳ ಲೆಕ್ಕ ಇದೆ. 26ನ್ನು ಮೂರರಿಂದ ಗುಣಿಸಿ: 78. ಅದರಿಂದ ಕೋಣೆಯ ಉಷ್ಣತೆ ಕಳೆಯಿರಿ, ಒಣ ಹಿಟ್ಟಿನ ಉಷ್ಣತೆ ಕಳೆಯಿರಿ, ಕೈಯಲ್ಲಿ ನಾದುವಾಗ ಏರುವ ಶಾಖಕ್ಕೆಂದು ಇನ್ನೊಂದು 3 ಕಳೆಯಿರಿ. ಉಳಿದದ್ದೇ ನೀರಿನ ಉಷ್ಣತೆ. ಡಬ್ಬಿಯಲ್ಲಿರುವ ಹಿಟ್ಟು ಸಾಮಾನ್ಯವಾಗಿ ಕೋಣೆಯಷ್ಟೇ ಬಿಸಿಯಿರುತ್ತದೆ.

ಏಪ್ರಿಲ್‌ನಲ್ಲಿ ಕೋಣೆ 36 ಇದೆ ಅಂದುಕೊಳ್ಳಿ. 78ರಲ್ಲಿ 36, ಮತ್ತೆ 36, ಮತ್ತೆ 3 ಹೋದರೆ ಉಳಿಯುವುದು 3. ಅಂದರೆ ಐಸ್ ಹಾಕಿದ ನೀರು! ಮಳೆಗಾಲದಲ್ಲಿ ಕೋಣೆ 28 ಇದ್ದರೆ 19 ಡಿಗ್ರಿ ನೀರು ಸಾಕು. ಫ್ರಿಜ್ ನೀರಿಗೆ ಅರ್ಧ ನಲ್ಲಿ ನೀರು ಬೆರೆಸಿದರೆ ಹತ್ತಿರ ಹತ್ತಿರ ಬರುತ್ತದೆ. ಡಿಸೆಂಬರ್‌ನ ಬೀದರಿನಲ್ಲಿ ಬೆಳಗಿನ ಹೊತ್ತು ಅಡುಗೆಮನೆ 20ಕ್ಕೆ ಇಳಿದಿದ್ದರೆ 35 ಡಿಗ್ರಿಯ ಉಗುರು ಬೆಚ್ಚಗಿನ ನೀರು ಬೇಕು. ಬೀದರ್ ಎತ್ತರದ ಮೇಲಿರುವ ಊರು, ಕಲಬುರಗಿ–ಯಾದಗಿರಿಗಿಂತ ತಂಪು. ಹಾಗಾಗಿ ಕಲಬುರಗಿಯ ಅಕ್ಕನ ಅಳತೆಯನ್ನು ಬೀದರಿನ ತಂಗಿ ಹಾಗೇ ಎತ್ತಿಕೊಂಡರೆ ಹಿಟ್ಟು ಏಳುವುದಿಲ್ಲ.

ಬೇಸಿಗೆಯಲ್ಲಿ ಒಂದು ಎಚ್ಚರ. ಮಧ್ಯಾಹ್ನದ ಹೊತ್ತು ಮೇಲಿನ ಟ್ಯಾಂಕಿನಿಂದ ಬರುವ ನಲ್ಲಿ ನೀರು ಕೈಗೆ ಚುರ್ ಎನ್ನುತ್ತದೆ. ಅದನ್ನು ಹಿಟ್ಟಿಗೆ ಮುಟ್ಟಿಸಲೇಬೇಡಿ. ಐಸ್ ಇಲ್ಲ ಅಂದರೆ ಹಿಂದಿನ ರಾತ್ರಿ ಹಿಟ್ಟಿನ ಡಬ್ಬಿಯನ್ನೇ ಫ್ರಿಜ್‌ನಲ್ಲಿಡಿ. ಹಿಟ್ಟು 8 ಡಿಗ್ರಿ ಇದ್ದರೆ ಅದೇ ಲೆಕ್ಕದಲ್ಲಿ ನೀರು 31 ಡಿಗ್ರಿ ಇದ್ದರೂ ನಡೆಯುತ್ತದೆ. ಮಣ್ಣಿನ ಮಡಕೆಯ ನೀರು ಹಾಕಿದರೆ ಮುಗಿಯಿತು.

ಇನ್ನೊಂದು ದಾರಿ ಯೀಸ್ಟ್ ಕಡಿಮೆ ಮಾಡುವುದು. ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗೆ ಯಾವ ಪಾಕವಿಧಾನವಾದರೂ ಅದರಲ್ಲಿ ಹೇಳಿದ ಯೀಸ್ಟಿನ ಅರ್ಧ ಹಾಕಿ. ಸಾಲದಾದೀತೇನೋ ಅನ್ನಿಸುತ್ತದೆ, ಸಾಕಾಗುತ್ತದೆ. ಕೆಳಗೆ ಕೊಟ್ಟ ಅಳತೆಗಳು ಮಳೆಗಾಲ, ಚಳಿಗಾಲಕ್ಕೆ ಬರೆದವು.

ಹಿಟ್ಟು ಉಬ್ಬಿದೆಯೋ ಇಲ್ಲವೋ ನೋಡಲು ಬೆರಳಿಗೆ ಸ್ವಲ್ಪ ಹಿಟ್ಟು ಸವರಿ ಅರ್ಧ ಇಂಚು ಒತ್ತಿ. ಗುಳಿ ತಟ್ಟನೆ ತುಂಬಿಕೊಂಡರೆ ಇನ್ನೂ ಕಾಯಿರಿ. ನಿಧಾನವಾಗಿ ಅರ್ಧ ತುಂಬಿದರೆ ಹದ ಬಂದಿದೆ. ಗುಳಿ ಹಾಗೇ ಉಳಿದು ಸುತ್ತಲಿನ ಹಿಟ್ಟೂ ಕುಸಿದರೆ ಹೊತ್ತು ಮೀರಿದೆ ಎಂದರ್ಥ. ಹೊತ್ತು ಮೀರಿದ್ದನ್ನು ಚೆಲ್ಲಬೇಡಿ. ಒಂದು ಹಿಡಿ ಹಿಟ್ಟು ಸೇರಿಸಿ ನಾದಿ, ಲಟ್ಟಿಸಿ, ತವಾ ಮೇಲೆ ನಾನ್ ಮಾಡಿ. ಯಾರಿಗೂ ಗೊತ್ತಾಗುವುದಿಲ್ಲ.

ಹಿಟ್ಟು ಮುಚ್ಚುವ ಬಟ್ಟೆ ಒದ್ದೆಯಿರಲಿ. ನಮ್ಮ ಬೇಸಿಗೆ ಗಾಳಿ ಎಷ್ಟು ಒಣಗಿರುತ್ತದೆ ಅಂದರೆ ಹತ್ತು ನಿಮಿಷ ತೆರೆದಿಟ್ಟರೆ ಸಾಕು, ಹಿಟ್ಟಿನ ಮೇಲೆ ಗಟ್ಟಿ ಪದರ ಕಟ್ಟುತ್ತದೆ. ಆ ಪದರ ಉಬ್ಬಲು ಬಿಡುವುದಿಲ್ಲ, ಬೆಂದ ಮೇಲೆ ಬಾಯಿಗೂ ಸಿಗುತ್ತದೆ.

ಹಿಟ್ಟು, ಯೀಸ್ಟ್, ಒಲೆ

ಒಂದು ಡಿಜಿಟಲ್ ತಕ್ಕಡಿ ಕೊಳ್ಳಿ. ಬೇರೆ ಯಾವ ಸಾಮಾನು ಇಲ್ಲದಿದ್ದರೂ ಇದು ಬೇಕು. ಒಬ್ಬರ ಮನೆಯ ಬಟ್ಟಲು ಇನ್ನೊಬ್ಬರ ಮನೆಯ ಬಟ್ಟಲಲ್ಲ.

ಮೈದಾದಲ್ಲಿ ಹೊರದೇಶದ ಬ್ರೆಡ್ ಹಿಟ್ಟಿಗಿಂತ ಪ್ರೋಟೀನ್ ಕಡಿಮೆ. ಹಾಗಾಗಿ ಅಲ್ಲಿನ ಅಳತೆಯಷ್ಟೇ ನೀರು ಹಾಕಿದರೆ ಹಿಟ್ಟು ತೆಳ್ಳಗಾಗುತ್ತದೆ. ಹತ್ತು ಚಮಚ ನೀರು ಹೇಳಿದ್ದರೆ ಒಂಬತ್ತು ಹಾಕಿ ನೋಡಿ, ಬೇಕಾದರೆ ಆಮೇಲೆ ಸೇರಿಸಿ. ಗಿರಣಿಯಲ್ಲಿ ಬೀಸಿದ ಗೋಧಿ ಹಿಟ್ಟು ಇದಕ್ಕೆ ತದ್ವಿರುದ್ಧ, ನೀರು ಜಾಸ್ತಿ ಕುಡಿಯುತ್ತದೆ, ಅದೂ ನಿಧಾನವಾಗಿ. ಗೋಧಿ ಹಿಟ್ಟು ಬಳಸುವಾಗ ನೀರು ಬೆರೆಸಿ ಅರ್ಧ ತಾಸು ಸುಮ್ನೆ ಬಿಟ್ಟು, ಆಮೇಲೆ ನಾದಿ. ಅರ್ಧ ಶ್ರಮ ಅಲ್ಲೇ ಉಳಿಯುತ್ತದೆ.

ಯೀಸ್ಟ್ ಇನ್‌ಸ್ಟಂಟ್ ಒಣ ಯೀಸ್ಟ್ ಇರಲಿ. ಒಂದು ಸಪಾಟು ಚಹಾ ಚಮಚ ಸುಮಾರು 3 ಗ್ರಾಂ. ಪ್ಯಾಕೆಟ್ ಒಡೆದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಬೇಸಿಗೆಯಲ್ಲಿ ಕಪಾಟಿನಲ್ಲಿಟ್ಟ ಯೀಸ್ಟ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಕೊಳ್ಳುವಾಗ ತಾರೀಖು ನೋಡಿ. ಕುದಿಯುವ ನೀರು, ಕುದಿಯುವ ಹಾಲು ಎಂದೂ ಹಾಕಬೇಡಿ. 55–60 ಡಿಗ್ರಿಗೆ ಯೀಸ್ಟ್ ಸತ್ತೇ ಹೋಗುತ್ತದೆ.

ಓಟಿಜಿ, ಅಂದರೆ ಕರೆಂಟಿನ ಸಣ್ಣ ಓವನ್, ಇದ್ದರೆ ಒಳ್ಳೆಯದು. ದೊಡ್ಡ ಓಟಿಜಿ 2000 ವ್ಯಾಟ್‌ವರೆಗೆ ಎಳೆಯುತ್ತದೆ. ಟಿವಿ, ಮೊಬೈಲ್ ಹಾಕುವ ಸಣ್ಣ ಪ್ಲಗ್ಗಿಗೆ ಹಾಕಬೇಡಿ, 16 ಆಂಪಿಯರ್ ಪಾಯಿಂಟ್ ಬೇಕು. ಓಟಿಜಿಯ ಮೇಲಿನ ಗುಂಡಿ ಹೇಳುವ ಡಿಗ್ರಿಗೂ ಒಳಗಿನ ನಿಜವಾದ ಶಾಖಕ್ಕೂ ಇಪ್ಪತ್ತು–ಮೂವತ್ತು ಡಿಗ್ರಿ ವ್ಯತ್ಯಾಸ ಇರುವುದುಂಟು. ಒಳಗಿಡುವ ಸಣ್ಣ ಉಷ್ಣಮಾಪಕ ಸಿಗುತ್ತದೆ, ತಂದಿಟ್ಟುಕೊಳ್ಳಿ.

ಓಟಿಜಿ ಇಲ್ಲದವರು ದಪ್ಪ ತಳದ ಕುಕ್ಕರ್ ಬಳಸಬಹುದು. ಗ್ಯಾಸ್ಕೆಟ್ ಮತ್ತು ಸೀಟಿ ಎರಡನ್ನೂ ತೆಗೆಯಿರಿ, ಇದನ್ನು ಮರೆಯಬಾರದು. ತಳಕ್ಕೆ ಎರಡು ಬಟ್ಟಲು ಪುಡಿ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು ಹತ್ತು–ಹನ್ನೆರಡು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ. ಬ್ರೆಡ್ ಇಟ್ಟ ಮೇಲೆ ಉರಿ ಸಣ್ಣಗೆ. ಮೇಲ್ಭಾಗಕ್ಕೆ ಬಣ್ಣ ಬರುವುದಿಲ್ಲ, ಕೊನೆಗೆ ತವಾ ಮೇಲೆ ಬೋರಲು ಹಾಕಿ ಐದು ನಿಮಿಷ ಕೆಂಪಗೆ ಮಾಡಿಕೊಳ್ಳಿ. ಸೋಡಾ ಬ್ರೆಡ್ಡಿಗೆ ಇದು ಚೆನ್ನಾಗಿ ಹೊಂದುತ್ತದೆ, ಫೊಕಾಚಾಗೆ ಅಷ್ಟಕ್ಕಷ್ಟೆ.

ಐರ್ಲೆಂಡಿನ ಸೋಡಾ ಬ್ರೆಡ್

ಮೊದಲ ಸಲ ಮಾಡುವವರು ಇಲ್ಲಿಂದ ಶುರುಮಾಡಿ. ಯೀಸ್ಟ್ ಇಲ್ಲ, ನಾದುವುದಿಲ್ಲ, ಕಾಯುವುದಿಲ್ಲ. ಐರ್ಲೆಂಡಿಗೆ ಅಡುಗೆ ಸೋಡಾ ಬಂದದ್ದು 1830ರ ದಶಕದಲ್ಲಿ. ಅಲ್ಲಿನ ಗೋಧಿ ಮೆದು, ಯೀಸ್ಟ್ ಹಾಕಿದರೆ ಸರಿಯಾಗಿ ಏಳುತ್ತಿರಲಿಲ್ಲ. ಮಜ್ಜಿಗೆ ಮಾತ್ರ ಮನೆಮನೆಯಲ್ಲಿತ್ತು. ಸೋಡಾ ಮತ್ತು ಹುಳಿ ಮಜ್ಜಿಗೆ ಸೇರಿದಾಗ ಗಾಳಿಗುಳ್ಳೆ ಏಳುತ್ತವಲ್ಲ, ಅದೇ ಬ್ರೆಡ್ಡನ್ನು ಎತ್ತಿತು. ಬಡವರ ಮನೆಯಲ್ಲಿ ಓವನ್ ಇರಲಿಲ್ಲ. ಮುಚ್ಚಳವಿರುವ ಎರಕದ ಕಬ್ಬಿಣದ ಪಾತ್ರೆಯಲ್ಲಿ ಹಿಟ್ಟಿಟ್ಟು, ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುತ್ತಿದ್ದರು. ಕುಕ್ಕರಿನಲ್ಲಿ ಮಾಡುವವರು ಬೇಸರಪಟ್ಟುಕೊಳ್ಳಬೇಕಿಲ್ಲ, ಅಲ್ವಾ?

ಬೇಕಾದ್ದು: ಗೋಧಿ ಹಿಟ್ಟು 250 ಗ್ರಾಂ, ಮೈದಾ 150 ಗ್ರಾಂ, ಅಡುಗೆ ಸೋಡಾ ಒಂದು ಸಪಾಟು ಚಹಾ ಚಮಚ, ಉಪ್ಪು 8 ಗ್ರಾಂ, ಹುಳಿ ಬಂದ ಗಟ್ಟಿ ಮಜ್ಜಿಗೆ ಸುಮಾರು 330 ಮಿಲಿ. ನಾವು ಕುಡಿಯುವ ನೀರು ಮಜ್ಜಿಗೆ ಆಗುವುದಿಲ್ಲ. 250 ಗ್ರಾಂ ಹುಳಿ ಮೊಸರಿಗೆ 80 ಮಿಲಿ ನೀರು ಹಾಕಿ ಕಡೆದರೆ ಸರಿಹೋಗುತ್ತದೆ.

ಓಟಿಜಿಯನ್ನು ಮೊದಲೇ 200 ಡಿಗ್ರಿಗೆ ಕಾಯಲು ಬಿಡಿ. ಸೋಡಾ ಕೆಲಸ ಶುರುಮಾಡಿದ ಮೇಲೆ ಯಾರಿಗೂ ಕಾಯುವುದಿಲ್ಲ. ಒಣ ಸಾಮಾನೆಲ್ಲ ಒಟ್ಟಿಗೆ ಎರಡು ಸಲ ಜರಡಿ ಹಿಡಿಯಿರಿ. ಸೋಡಾ ಎಲ್ಲಾದರೂ ಗಂಟು ಉಳಿದರೆ ಅಲ್ಲಿ ಹಳದಿ ಕಲೆ, ಸಾಬೂನಿನ ರುಚಿ. ಪರಾತದ ನಡುವೆ ಕುಳಿ ಮಾಡಿ ಮಜ್ಜಿಗೆ ಸುರಿಯಿರಿ. ಬೆರಳು ಬಿಡಿಸಿಕೊಂಡು ದುಂಡಗೆ ತಿರುಗಿಸುತ್ತ ಕಲಸಿ. ಹಿಟ್ಟು ಒಂದಾದ ಕೂಡಲೆ ಕೈ ತೆಗೆಯಿರಿ. ಚಪಾತಿಗೆ ಮಿದ್ದ ಹಾಗೆ ಮಿದ್ದರೆ ಬ್ರೆಡ್ ಕಲ್ಲಾಗುತ್ತದೆ. ಮೇಲೆ ಒರಟೊರಟು ಇದ್ದರೆ ಇರಲಿ.

ಒಂದೂವರೆ ಇಂಚು ದಪ್ಪದ ದುಂಡು ಮಾಡಿ, ಹಿಟ್ಟು ಉದುರಿಸಿದ ತಟ್ಟೆಯ ಮೇಲಿಟ್ಟು, ಚಾಕುವಿನಿಂದ ಆಳವಾಗಿ ಅಡ್ಡ ಒಂದು, ಉದ್ದ ಒಂದು ಗೆರೆ ಕೊಯ್ಯಿರಿ. ನಡುಭಾಗಕ್ಕೆ ಶಾಖ ಹೋಗಲು ಇದು ಬೇಕೇ ಬೇಕು. 35–40 ನಿಮಿಷ ಬೇಯಿಸಿ. ತಳಕ್ಕೆ ಬೆರಳಿನಿಂದ ತಟ್ಟಿದರೆ ಪೊಳ್ಳು ಸದ್ದು ಬರಬೇಕು. ಅಕ್ಕಪಕ್ಕದವರು "ಯವ್ವಾ, ಇದೇನ ದಪ್ಪ ರೊಟ್ಟಿನೋ, ಕೇಕೋ" ಎಂದು ಕೇಳಿದರೆ ಬಿಸಿಯಾಗಿ ಒಂದು ತುಂಡು ಮುರಿದು, ಬೆಣ್ಣೆ ಹಚ್ಚಿ, ಶೇಂಗಾ ಹಿಂಡಿ ಉದುರಿಸಿ ಕೊಡಿ.

ಗೋಧಿ ಹಿಟ್ಟಿನಲ್ಲಿ 50–60 ಗ್ರಾಂ ತೆಗೆದು ಅದರ ಬದಲು ಜೋಳದ ಹಿಟ್ಟು ಹಾಕಿ ನೋಡಿ. ನನಗೆ ಅದೇ ಹೆಚ್ಚು ರುಚಿ.

ಪೀಟಾ

ಪೀಟಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪುಲ್ಕ ಉಬ್ಬಿಸಲು ಬರುವವರಿಗೆ ಇದು ಬರುತ್ತದೆ. ಹಿಟ್ಟಿನೊಳಗಿನ ನೀರು ಒಮ್ಮೆಲೆ ಉಗಿಯಾಗಿ ಎರಡು ಪದರವನ್ನು ಬಿಡಿಸುತ್ತದೆ. ಅದಕ್ಕೆ ಬೇಕಾದ್ದು ಭಾರಿ ಶಾಖ ಮಾತ್ರ.

ಮೈದಾ 200 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಯೀಸ್ಟ್ ಒಂದು ಚಹಾ ಚಮಚ, ಉಪ್ಪು 6 ಗ್ರಾಂ, ಎಣ್ಣೆ ಒಂದು ದೊಡ್ಡ ಚಮಚ, ನೀರು 195 ಮಿಲಿ. ಹತ್ತು ನಿಮಿಷ ನಾದಿ, ಎರಡು ಪಟ್ಟು ಉಬ್ಬಲು ಬಿಡಿ. ಆರು ಉಂಡೆ ಮಾಡಿ ಕಾಲು ತಾಸು ಬಿಟ್ಟು, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ. ತೆಳ್ಳಗೆ ಮಾಡಬೇಡಿ. ಹಾಳೆಯಲ್ಲಿ ಮಡಿಕೆ, ಸೀಳು ಇರಬಾರದು, ಉಗಿ ಅಲ್ಲಿಂದ ತಪ್ಪಿಸಿಕೊಳ್ಳುತ್ತದೆ. ಲಟ್ಟಿಸಿದ ಮೇಲೆ ಮತ್ತೆ ಹತ್ತು ನಿಮಿಷ ಒದ್ದೆ ಬಟ್ಟೆ ಕೆಳಗೆ.

ಓಟಿಜಿಯೊಳಗೆ ಕಬ್ಬಿಣದ ತವಾ ಬೋರಲು ಇಟ್ಟು, 250 ಡಿಗ್ರಿಯಲ್ಲಿ ಅರ್ಧ ತಾಸು ಕಾಯಿಸಿ. ಪೀಟಾ ಅದರ ಮೇಲೆ ಬಿದ್ದ ಮೂರು–ನಾಲ್ಕು ನಿಮಿಷಕ್ಕೆ ಬಲೂನಾಗುತ್ತದೆ. ತೆಗೆದ ಕೂಡಲೆ ಬಟ್ಟೆಯಲ್ಲಿ ಸುತ್ತಿ, ಇಲ್ಲದಿದ್ದರೆ ಗರಿಗರಿಯಾಗಿ ಮುರಿಯುತ್ತದೆ. ಅರ್ಧ ಕೊಯ್ದರೆ ಜೇಬು ಸಿಗುತ್ತದೆ. ಅದರೊಳಗೆ ಎಣ್ಣೆಗಾಯಿ ತುಂಬಿ ಮಕ್ಕಳ ಡಬ್ಬಿಗೆ ಹಾಕಿ.

ಫೊಕಾಚಾ

ಇಟಲಿಯ ಜಿನೋವಾ ಕಡೆಯ ಈ ಬ್ರೆಡ್ ನಮ್ಮ ಬೇಸಿಗೆಗೆ ಬಹಳ ಒಳ್ಳೆಯದು. ಕಾರಣ, ಹಿಟ್ಟು ಹುದುಗುವ ಕೆಲಸ ಬಹುಪಾಲು ಫ್ರಿಜ್‌ನೊಳಗೆ ನಡೆಯುತ್ತದೆ. ಹೊರಗೆ ಎಷ್ಟು ಡಿಗ್ರಿಯಾದರೂ ಇರಲಿ, ಅಷ್ಟು ಹೊತ್ತು ಹಿಟ್ಟಿಗೆ ಗೊತ್ತೇ ಆಗುವುದಿಲ್ಲ.

ಮೈದಾ 400 ಗ್ರಾಂ, ತಣ್ಣೀರು 290 ಮಿಲಿ, ಉಪ್ಪು 8 ಗ್ರಾಂ, ಯೀಸ್ಟ್ ಅರ್ಧ ಚಹಾ ಚಮಚ, ಎಣ್ಣೆ ಎರಡು ದೊಡ್ಡ ಚಮಚ. ತಟ್ಟೆಗೆ ಮತ್ತು ಮೇಲೆ ಸುರಿಯಲು ಇನ್ನೂ ನಾಲ್ಕು ಚಮಚ ಎಣ್ಣೆ. ಅಲ್ಲಿ ಆಲಿವ್ ಎಣ್ಣೆ. ನಮ್ಮ ಗಾಣದ ಕುಸುಬಿ ಎಣ್ಣೆ ಹಾಕಿದರೂ ಬ್ರೆಡ್ ಮೆತ್ತಗೆ, ರುಚಿಯಾಗಿಯೇ ಬರುತ್ತದೆ. ಘಮ ಬೇರೆ, ಅಷ್ಟೇ. ಜಿನೋವಾದವರು ಒಪ್ಪಲಿಕ್ಕಿಲ್ಲ.

ಸಂಜೆ ಎಲ್ಲ ಸೇರಿಸಿ ಕಲಸಿ. ಹಿಟ್ಟು ಕೈಗೆ ಅಂಟುತ್ತದೆ, ಗಾಬರಿಯಾಗಿ ಮೈದಾ ಸುರಿಯಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಒದ್ದೆ ಕೈಯಿಂದ ಹಿಟ್ಟಿನ ಒಂದು ಅಂಚನ್ನು ಹಿಡಿದು ಮೇಲಕ್ಕೆಳೆದು ಎದುರು ಬದಿಗೆ ಮಡಚಿ, ಪಾತ್ರೆ ತಿರುಗಿಸುತ್ತ ನಾಲ್ಕೂ ಕಡೆ ಹೀಗೆ ಮಾಡಿ. ಮೂರು ಸಲ ಮಾಡುವಷ್ಟರಲ್ಲಿ ಅಂಟು ಕಡಿಮೆಯಾಗಿ ಹಿಟ್ಟು ಬಿಗಿಯಾಗುತ್ತದೆ. ಮುಚ್ಚಿ ಫ್ರಿಜ್‌ನಲ್ಲಿಡಿ, 12ರಿಂದ 18 ತಾಸು.

ಮರುದಿನ ಬೆಳಿಗ್ಗೆ ಎಣ್ಣೆ ಧಾರಾಳವಾಗಿ ಸವರಿದ ತಟ್ಟೆಗೆ ಹಿಟ್ಟನ್ನು ಇಳಿಸಿ. ಮೆಲ್ಲಗೆ ಹರಡಿ. ಹರಡದಿದ್ದರೆ ಜಗ್ಗಬೇಡಿ, ಕಾಲು ತಾಸು ಬಿಟ್ಟು ಮತ್ತೆ ಹರಡಿ. ಮೇಲೆ ಗುಳ್ಳೆಗಳು ಕಾಣುವವರೆಗೆ ಕಾಯಿರಿ. ಮೇ ತಿಂಗಳಲ್ಲಿ ಒಂದು ತಾಸೂ ಬೇಡ, ಜನವರಿಯಲ್ಲಿ ಎರಡೂವರೆ ತಾಸು ಆದರೂ ಆದೀತು.

ಇನ್ನು ಮಜದ ಕೆಲಸ. ಎಣ್ಣೆ ಕೈಯಿಂದ ಹತ್ತೂ ಬೆರಳು ತಳ ಮುಟ್ಟುವಂತೆ ಒತ್ತಿ ಗುಳಿ ಮಾಡಿ. ಎರಡು ಚಮಚ ನೀರಿಗೆ ಅರ್ಧ ಚಹಾ ಚಮಚ ಉಪ್ಪು ಕರಗಿಸಿ ಎಣ್ಣೆ ಜೊತೆ ಮೇಲೆ ಸುರಿಯಿರಿ. ಈ ಉಪ್ಪುನೀರು ಜಿನೋವಾದ ಪದ್ಧತಿ, ಬಿಡಬೇಡಿ, ಗುಳಿಗಳಲ್ಲಿ ನಿಂತು ಅಲ್ಲಷ್ಟೇ ಮೆತ್ತಗೆ ಉಳಿಸುತ್ತದೆ. 220 ಡಿಗ್ರಿಯಲ್ಲಿ 20–25 ನಿಮಿಷ. ಮೇಲೆ ತೆಳ್ಳಗೆ ಹೆಚ್ಚಿದ ಈರುಳ್ಳಿ ಹಾಕಬಹುದು. ಪನೀರ್, ಸ್ವೀಟ್ ಕಾರ್ನ್, ಟೊಮೆಟೊ ಸಾಸ್ ಎಲ್ಲ ಹೇರಿ ಪಿಜ್ಜಾ ಮಾಡುವವರಿದ್ದಾರೆ. ಹಾಗಾದರೆ ಪಿಜ್ಜಾವನ್ನೇ ಮಾಡಿ.

ಕರೆಂಟ್ ಹೋದರೆ? ತಟ್ಟೆಗೆ ಇಳಿಸುವ ಮೊದಲು ಹೋದರೆ ಹಿಟ್ಟನ್ನು ಫ್ರಿಜ್‌ನಲ್ಲೇ ಬಿಡಿ, ಬಾಗಿಲು ತೆರೆಯದಿದ್ದರೆ ಮೂರ್ನಾಲ್ಕು ತಾಸು ತಂಪು ಉಳಿಯುತ್ತದೆ. ಓಟಿಜಿಯೊಳಗೆ ಇದ್ದಾಗ ಹೋದರೂ ಬಾಗಿಲು ತೆಗೆಯಬೇಡಿ. ಒಳಗಿನ ಕಾವಿನಲ್ಲೇ ಐದಾರು ನಿಮಿಷ ಬೇಯುತ್ತಿರುತ್ತದೆ. ಅದಕ್ಕೂ ಮೀರಿದರೆ ತವಾಕ್ಕೆ ವರ್ಗಾಯಿಸಿ ಮುಚ್ಚಿಡಿ.

ಶೀರ್‌ಮಾಲ್

ಕಲಬುರಗಿಯವರಿಗೆ ತಂದೂರಿ ರೊಟ್ಟಿ ಹೊಸದಲ್ಲ. ದರ್ಗಾ ಸುತ್ತಲಿನ ಬೀದಿಗಳಲ್ಲಿ ನಾನ್, ಕುಲ್ಚಾ ತಿಂದು ಬೆಳೆದವರು ನಾವು. 1347ರಲ್ಲಿ ಬಹಮನಿ ರಾಜ್ಯ ಇಲ್ಲೇ ಹುಟ್ಟಿತು, ಮುಂದಿನ ಶತಮಾನದಲ್ಲಿ ರಾಜಧಾನಿ ಬೀದರಿಗೆ ಹೋಯಿತು. ಬೀದರಿನಲ್ಲಿ 1472ರ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನ್ ಪ್ರದೇಶದವನು. ಹಾಲು, ತುಪ್ಪ, ಕೇಸರಿ ಹಾಕಿದ ಶೀರ್‌ಮಾಲ್ ಕೂಡ ಆ ಕಡೆಯ ರೊಟ್ಟಿಯೇ. ಇವತ್ತು ಲಖನೌ, ಹೈದರಾಬಾದಿನಲ್ಲಿ ಅದಕ್ಕೆ ದೊಡ್ಡ ಹೆಸರು. ತಂದೂರ್ ಇಲ್ಲದೆ ಮನೆಯ ಓಟಿಜಿಯಲ್ಲಿ ಮಾಡಿದರೂ ಇದು ಬಹಳ ಚೆನ್ನಾಗಿ ಬರುತ್ತದೆ. ನಾನ್‌ಗೆ ತಂದೂರಿನ ಭಾರಿ ಶಾಖ ಬೇಕು, ಶೀರ್‌ಮಾಲ್‌ಗೆ ಬೇಡ.

ಮೈದಾ 300 ಗ್ರಾಂ, ಹಾಲು 150 ಮಿಲಿ, ತುಪ್ಪ 75 ಗ್ರಾಂ, ಸಕ್ಕರೆ 30 ಗ್ರಾಂ, ಉಪ್ಪು 4 ಗ್ರಾಂ, ಯೀಸ್ಟ್ ಒಂದು ಚಹಾ ಚಮಚ. ಬೇರೆ ಬಟ್ಟಲಲ್ಲಿ ಮೂರು ಚಮಚ ಬಿಸಿ ಹಾಲಿಗೆ ಹತ್ತು–ಹದಿನೈದು ಎಳೆ ಕೇಸರಿ ನೆನೆಸಿಡಿ. ಕೇವಡಾ (ಕೇದಗೆ ಹೂವಿನ) ನೀರು ಇದ್ದರೆ ಎರಡೇ ಹನಿ. ಮೂರನೇ ಹನಿಗೆ ಅತ್ತರಿನ ಅಂಗಡಿಯಾಗುತ್ತದೆ.

ತುಪ್ಪವನ್ನು ಮೊದಲೇ ಹಾಕಬೇಡಿ. ಮೈದಾ, ಸಕ್ಕರೆ, ಉಪ್ಪು, ಯೀಸ್ಟ್, ಹಾಲು ಸೇರಿಸಿ ಐದು ನಿಮಿಷ ನಾದಿ. ಹಿಟ್ಟಿಗೆ ಎಳೆ ಬಂದ ಮೇಲೆ ತುಪ್ಪವನ್ನು ಚಮಚ ಚಮಚವಾಗಿ, ಒಂದು ಹೀರಿಕೊಂಡ ಮೇಲೆ ಇನ್ನೊಂದು ಎಂಬಂತೆ ಸೇರಿಸಿ. ನಡುವೆ ಒಮ್ಮೆ ಹಿಟ್ಟೆಲ್ಲ ಹರಿದು, ಜಿಡ್ಡುಜಿಡ್ಡಾಗಿ, ಕೆಟ್ಟೇ ಹೋಯಿತು ಅನ್ನಿಸುತ್ತದೆ. ನಾದುತ್ತಲೇ ಇರಿ. ಐದಾರು ನಿಮಿಷದಲ್ಲಿ ರೇಷ್ಮೆಯ ಹಾಗೆ ನುಣ್ಣಗಾಗುತ್ತದೆ. ಮೊದಲೇ ತುಪ್ಪ ಹಾಕಿದರೆ ಅದು ಹಿಟ್ಟಿನ ಕಣಗಳಿಗೆ ಹತ್ತಿಕೊಂಡು ಎಳೆ ಕಟ್ಟಲು ಬಿಡುವುದಿಲ್ಲ, ಬಿಸ್ಕತ್ತಿನಂತೆ ಪುಡಿಯಾಗುತ್ತದೆ.

ತುಪ್ಪ, ಸಕ್ಕರೆ ಎರಡೂ ಯೀಸ್ಟಿನ ವೇಗ ತಗ್ಗಿಸುತ್ತವೆ. ಹಾಗಾಗಿ ಇದು ಎರಡು ಪಟ್ಟು ಆಗುವುದಿಲ್ಲ, ಒಂದೂವರೆ ಪಟ್ಟು ಆದರೆ ಸಾಕು. ಹಿತವಾದ ಹವೆಯಲ್ಲಿ ಎರಡು ತಾಸು ಹಿಡಿಯುತ್ತದೆ. ಆರು ಉಂಡೆ ಮಾಡಿ, ಇಪ್ಪತ್ತು ನಿಮಿಷ ಬಿಟ್ಟು, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ದುಂಡಗೆ ಲಟ್ಟಿಸಿ. ಆಮೇಲೆ ಫೋರ್ಕಿನಿಂದ ಮೇಲೆಲ್ಲ ತಳ ಮುಟ್ಟುವಂತೆ ಚುಚ್ಚಿ. ಪೀಟಾ ಉಬ್ಬಬೇಕು, ಇದು ಉಬ್ಬಬಾರದು. ಚುಚ್ಚುವಲ್ಲಿ ಜಿಪುಣತನ ಬೇಡ.

ಕೇಸರಿ ಹಾಲು ಸವರಿ 210 ಡಿಗ್ರಿಯಲ್ಲಿ ಇಡಿ. ಐದು ನಿಮಿಷಕ್ಕೆ ತೆಗೆದು ಮತ್ತೊಮ್ಮೆ ಕೇಸರಿ ಹಾಲು ಸವರಿ, ಇನ್ನೂ ನಾಲ್ಕು ನಿಮಿಷ. ಸಕ್ಕರೆ ಇರುವುದರಿಂದ ಬೇಗ ಕೆಂಪಾಗುತ್ತದೆ, ಕಣ್ಣು ಅಲ್ಲೇ ಇರಲಿ. ಹೊರಗೆ ತೆಗೆದ ಕೂಡಲೆ ತುಪ್ಪ ಸವರಿ ಒಂದರ ಮೇಲೊಂದು ಪೇರಿಸಿ ಬಟ್ಟೆ ಮುಚ್ಚಿ. ಮಾಂಸ ತಿನ್ನುವವರು ನಿಹಾರಿ ಜೊತೆ ತಿನ್ನಿ. ತಿನ್ನದವರಿಗೆ ಸಂಜೆಯ ಚಹಾ ಇದ್ದರೆ ಸಾಕು. ಮರುದಿನವೂ ಮೆತ್ತಗೇ ಇರುತ್ತದೆ, ತುಪ್ಪದ ದಯೆ.

ಸುಡಾನಿನ ಕಿಸ್ರಾ

ಜೋಳ ಹುಟ್ಟಿದ್ದು ಆಫ್ರಿಕಾದಲ್ಲಿ. ನಾವು ಅದನ್ನು ರೊಟ್ಟಿ ಬಡಿದು ತಿನ್ನುತ್ತೇವೆ, ಸುಡಾನಿನವರು ಹುಳಿ ಬರಿಸಿ ಕಾಗದದಷ್ಟು ತೆಳ್ಳಗೆ ಹೊಯ್ದು ತಿನ್ನುತ್ತಾರೆ. ಅದೇ ಕಿಸ್ರಾ. ಕಾಯಿಸಿದ ದೊಡ್ಡ ಹಂಚಿನ ಮೇಲೆ ಹಿಟ್ಟು ಹೊಯ್ದು, ತಾಳೆಗರಿಯ ತುಂಡಿನಿಂದ ಎಳೆದು ಹರಡುತ್ತಾರೆ. ಬೆಂಡೆಕಾಯಿ ಪುಡಿ ಹಾಕಿದ ಗಟ್ಟಿ ಸಾರಿನ ಜೊತೆ ಅದು ಅಲ್ಲಿ ದಿನದ ಊಟ.

ಜೋಳದಲ್ಲಿ ಗೋಧಿಯ ಹಾಗೆ ಜಗ್ಗುವ ಗ್ಲುಟನ್ ಇಲ್ಲ. ಅದಕ್ಕೇ ನಾವು ರೊಟ್ಟಿ ಹಿಟ್ಟಿಗೆ ಕುದಿಯುವ ನೀರು ಹಾಕುತ್ತೇವೆ, ಪಿಷ್ಟ ಬೆಂದು ಅಂಟು ಬರುತ್ತದೆ. ಜೋಳದ ಹಿಟ್ಟಿಗೆ ಎಷ್ಟು ಯೀಸ್ಟ್ ಹಾಕಿದರೂ ಬ್ರೆಡ್ ಏಳುವುದಿಲ್ಲ. ಏಳಿದ ಗಾಳಿಯನ್ನು ಹಿಡಿದಿಡುವ ಬಲೆ ಅದರಲ್ಲಿಲ್ಲ. ಹಾಗಾಗಿ ಅಂತರ್ಜಾಲದಲ್ಲಿ ಸಿಗುವ "ಬರೀ ಜೋಳದ ಮೆತ್ತನೆ ಬ್ರೆಡ್" ನಂಬಬೇಡಿ. ಅದರಲ್ಲಿ ಇಸಬ್‌ಗೋಲು, ಮೊಟ್ಟೆ, ಗೋಂದು ಏನಾದರೊಂದು ಇರುತ್ತದೆ. ಜೋಳ ತನ್ನ ಪಾಡಿಗೆ ತಾನೇ ಚೆನ್ನಾಗಿರುವುದು ರೊಟ್ಟಿಯಲ್ಲಿ, ಇಲ್ಲವೆ ಹೀಗೆ ಹುಳಿ ಬರಿಸಿ ತೆಳ್ಳಗೆ ಹೊಯ್ದಾಗ.

ಮಾಲದಂಡಿಯಂಥ ಹಿಂಗಾರಿ ಬಿಳಿ ಜೋಳ ತಂದು, ಗಿರಣಿಯಲ್ಲಿ ನುಣ್ಣಗೆ ಬೀಸಿಸಿ. ಗಂಜ್‌ನಲ್ಲಿ ಒಳ್ಳೆಯ ಜೋಳ ಆರಿಸಿ ತರುವುದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಹಿಟ್ಟು ಹೊಸದಿರಲಿ. ಹಳೆ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಹೇಗೆ ಹರಿಯುತ್ತದೋ ಕಿಸ್ರಾನೂ ಹರಿಯುತ್ತದೆ.

250 ಗ್ರಾಂ ಜೋಳದ ಹಿಟ್ಟಿಗೆ 350 ಮಿಲಿ ನೀರು ಸೇರಿಸಿ ಗಂಟಿಲ್ಲದಂತೆ ಕಲಸಿ, ಎರಡು ಚಮಚ ಹುಳಿ ಮೊಸರು ಬೆರೆಸಿ. ಸುಡಾನಿನಲ್ಲಿ ಹಿಂದಿನ ಸಲದ ಹಿಟ್ಟನ್ನೇ ಹೆಪ್ಪಾಗಿ ಬಳಸುತ್ತಾರೆ. ಎರಡನೇ ಸಲದಿಂದ ನಿಮ್ಮ ಬಳಿಯೂ ಅದು ಇರುತ್ತದೆ. ಮುಚ್ಚಿಡಿ. ಬೇಸಿಗೆಯಲ್ಲಿ ರಾತ್ರಿ ಕಲಸಿದ್ದು ಬೆಳಿಗ್ಗೆಗೆ ತಯಾರು. ಚಳಿಗಾಲದಲ್ಲಿ ಪೂರ್ತಿ ಒಂದು ದಿನ ಬೇಕಾಗಬಹುದು. ಮೇಲೆ ಸಣ್ಣ ಗುಳ್ಳೆ, ಮೂಗಿಗೆ ಹಿತವಾದ ಹುಳಿ ವಾಸನೆ, ಇಷ್ಟು ಬಂದರೆ ಸರಿ. ಗುಲಾಬಿ ಅಥವಾ ಕಪ್ಪು ಕಲೆ ಕಂಡರೆ ಚೆಲ್ಲಿಬಿಡಿ, ಬೂಸ್ಟು ಹಿಡಿದಿದೆ.

ಹೊಯ್ಯುವ ಮೊದಲು ಮೂರು ಚಮಚ ಗೋಧಿ ಹಿಟ್ಟು, ರುಚಿಗೆ ಉಪ್ಪು, 150 ಮಿಲಿಯಷ್ಟು ನೀರು ಸೇರಿಸಿ ತೆಳ್ಳಗೆ ಮಾಡಿ. ನೀರ್ ದೋಸೆಗಿಂತ ಚೂರು ದಪ್ಪ ಇರಲಿ. ಗೋಧಿ ಹಿಟ್ಟು ಹಾಕಿದರೆ ಹಾಳೆ ಹರಿಯದೆ ಬರುತ್ತದೆ. ಗ್ಲುಟನ್ ಬೇಡದವರು ಅದನ್ನು ಬಿಟ್ಟು, ಹಾಳೆ ಸ್ವಲ್ಪ ದಪ್ಪ ಮಾಡಿಕೊಳ್ಳಿ.

ತವಾ ಮಧ್ಯಮ ಉರಿಯಲ್ಲಿ ಕಾಯಲಿ. ಬಹಳ ಕಾದಿದ್ದರೆ ಹಿಟ್ಟು ಬಿದ್ದಲ್ಲೇ ಹಿಡಿದುಕೊಳ್ಳುತ್ತದೆ, ಹರಡಲು ಬರುವುದಿಲ್ಲ. ಎಣ್ಣೆ ಬಟ್ಟೆಯಿಂದ ಒರೆಸಿ, ಒಂದು ಸೌಟು ಹಿಟ್ಟನ್ನು ಅಂಚಿನಲ್ಲಿ ಹೊಯ್ದು, ಒದ್ದೆ ಮಾಡಿದ ಚಪ್ಪಟೆ ಮರದ ಪಟ್ಟಿಯಿಂದ ಒಂದೇ ಕೈಯಲ್ಲಿ ಇನ್ನೊಂದು ಅಂಚಿಗೆ ಎಳೆಯಿರಿ. ಹಿಂದೆ ಮುಂದೆ ಉಜ್ಜಿದರೆ ಹಾಳೆಯಾಗುವುದಿಲ್ಲ, ಉಂಡೆಯಾಗುತ್ತದೆ. ಒಂದು–ಒಂದೂವರೆ ನಿಮಿಷಕ್ಕೆ ಅಂಚು ತಾನೇ ಏಳುತ್ತದೆ. ಕೈಯಿಂದ ಬಿಡಿಸಿ ತೆಗೆಯಿರಿ, ತಿರುವಿ ಹಾಕಬೇಡಿ. ಮೊದಲ ಎರಡು ಹರಿದರೆ ಅವು ತವಾಗೆ ನೈವೇದ್ಯ. ಪುಂಡಿ ಪಲ್ಯದ ಜೊತೆ ಬೇಡ, ಹುಳಿಗೆ ಹುಳಿ ಜಗಳವಾಡುತ್ತದೆ. ಬೆಂಡೆಕಾಯಿ ಗೊಜ್ಜು ಅಥವಾ ನಮ್ಮ ತೊಗರಿಬೇಳೆಯ ಗಟ್ಟಿ ಪಪ್ಪು ಒಳ್ಳೆಯ ಜೋಡಿ.

ಜೋಳವನ್ನು ಯೀಸ್ಟ್ ಬ್ರೆಡ್ಡಿಗೂ ಸೇರಿಸಲೇಬೇಕು ಅನ್ನುವವರಿಗೆ ಒಂದು ದಾರಿ. ಫೊಕಾಚಾದ 400 ಗ್ರಾಂ ಮೈದಾದಲ್ಲಿ 80 ಗ್ರಾಂ ತೆಗೆದು ಅಷ್ಟೇ ಜೋಳದ ಹಿಟ್ಟು ತೆಗೆದುಕೊಳ್ಳಿ. ಒಟ್ಟು ನೀರಿನಲ್ಲೇ 100 ಮಿಲಿ ಕುದಿಸಿ, ರೊಟ್ಟಿಗೆ ಮಾಡುವಂತೆ ಜೋಳದ ಹಿಟ್ಟಿಗೆ ಹಾಕಿ ಕಲಸಿ, ಪೂರ್ತಿ ಆರಿದ ಮೇಲೆ ಉಳಿದದ್ದಕ್ಕೆ ಸೇರಿಸಿ. ಆರದೆ ಹಾಕಿದರೆ ಯೀಸ್ಟ್ ಸಾಯುತ್ತದೆ. ಹೀಗೆ ಮಾಡಿದ ಫೊಕಾಚಾ ಮರುದಿನವೂ ಒಣಗುವುದಿಲ್ಲ, ಜೋಳದ ಸಿಹಿಯೂ ಗೊತ್ತಾಗುತ್ತದೆ. ಒಟ್ಟು ಹಿಟ್ಟಿನ ಕಾಲುಭಾಗ ದಾಟಿದರೆ ಮಾತ್ರ ಬ್ರೆಡ್ ಕೂತುಬಿಡುತ್ತದೆ.

ಉಳಿದರೆ

ಅಂಗಡಿ ಬ್ರೆಡ್ಡಿನಲ್ಲಿರುವ ಕೆಡದಂತೆ ಕಾಪಾಡುವ ರಾಸಾಯನಿಕ ಇವುಗಳಲ್ಲಿಲ್ಲ. ಮಳೆಗಾಲದಲ್ಲಿ ಎರಡನೇ ದಿನಕ್ಕೇ ಬೂಸ್ಟು ಹಿಡಿಯಬಹುದು. ಹಾಗೆಂದು ಫ್ರಿಜ್‌ನಲ್ಲಿಡಬೇಡಿ, ಅಲ್ಲಿ ಬ್ರೆಡ್ ಹೊರಗಿಗಿಂತ ಬೇಗ ಗಟ್ಟಿಯಾಗುತ್ತದೆ. ಪೂರ್ತಿ ಆರಿದ ಮೇಲೆ ಹೋಳು ಮಾಡಿ, ಗಾಳಿಯಾಡದ ಚೀಲದಲ್ಲಿ ಹಾಕಿ ಮೇಲಿನ ಫ್ರೀಜರ್‌ನಲ್ಲಿಡಿ. ಬೇಕಾದಾಗ ತೆಗೆದು ನೇರವಾಗಿ ಬಿಸಿ ತವಾ ಮೇಲೆ ಹಾಕಿ, ಮೂರು ಹನಿ ನೀರು ಚಿಮುಕಿಸಿ ಮುಚ್ಚಿ. ಸೋಡಾ ಬ್ರೆಡ್ ಮಾತ್ರ ಹೀಗೆ ಇಡಲು ಅಷ್ಟು ಚೆಂದವಲ್ಲ, ಮಾಡಿದ ದಿನವೇ ಮುಗಿಸಿ. ಕಿಸ್ರಾ ಹಿಟ್ಟು ಉಳಿದರೆ ಅರ್ಧ ಬಟ್ಟಲು ಫ್ರಿಜ್‌ನಲ್ಲಿ ತೆಗೆದಿಡಿ. ವಾರದೊಳಗೆ ಮತ್ತೆ ಮಾಡುವುದಾದರೆ ಮೊಸರು ಬೇಕಾಗುವುದಿಲ್ಲ.